ಕೊನೆಯ ಸಾಲಿನ ಕೊನೆ

ಹಾಜರಿ ಪುಸ್ತಕದಲ್ಲಿ ಕೊನೆಯ ಹೆಸರು ಬರೆದಾದ ಮೇಲೆ ಅದರ ಕೆಳಗೆ ಅಡಿಪಟ್ಟಿ ಇಟ್ಟು ಕೆಂಪು ಶಾಯಿಯಲ್ಲಿ ಒಂದು ಗೀಟು ಎಳೆಯಬೇಕು. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನನಗೆ ಇದನ್ನು ಕಲಿಸಿದವರು ಆಗಿನ ನಮ್ಮ ಹೆಡ್‌ಮಿಸ್. "ಗೀಟು ಎಳೆಯದಿದ್ದರೆ ಪಟ್ಟಿ ಮುಗಿಯಿತೋ, ನೀವು ನಡುವೆ ಎದ್ದು ಹೋದಿರೋ, ನೋಡಿದವರಿಗೆ ಹೇಗಮ್ಮ ಗೊತ್ತಾಗಬೇಕು?" ಎಂದಿದ್ದರು. ಹಿರಿಯರ ಕಟ್ಟುನಿಟ್ಟುಗಳಲ್ಲಿ ಇದೂ ಒಂದು ಎಂದುಕೊಂಡು ನಾನು ಎಳೆಯುತ್ತಾ ಬಂದೆ. ಆ ಗೀಟಿನ ಅರ್ಥ ನಿಜವಾಗಿ ತಿಳಿದದ್ದು ಇಪ್ಪತ್ತು ವರ್ಷ ಕಳೆದ ಮೇಲೆ, ನನ್ನ ತರಗತಿಯ ಒಬ್ಬ ಹುಡುಗಿಗೆ ನಷ್ಟವಾದಾಗ.

ಅದು 2014ನೆಯ ಇಸವಿ. ದೊಡ್ಡಬಳ್ಳಾಪುರದ ಬಳಿಯ ಹೈಸ್ಕೂಲಿನಲ್ಲಿದ್ದೆ. ಹೆಣ್ಣುಮಕ್ಕಳ ವಿದ್ಯಾರ್ಥಿವೇತನಕ್ಕೆಂದು ಹೆಸರಿನ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಸಾಲಿಗೊಂದು ಹೆಸರಿನಂತೆ, ಸಾದಾ ಪಠ್ಯದ ಕಡತವಾಗಿ ಕಳಿಸಬೇಕೆಂದು ಸೂಚನೆ ಬಂದಿತ್ತು. ನನ್ನ ತರಗತಿಯಲ್ಲಿ 43 ಹುಡುಗಿಯರು. ನಾನೇ ಕುಳಿತು ಟೈಪ್ ಮಾಡಿದೆ, ಎರಡು ಸಲ ತಿದ್ದಿದೆ, ಕಳಿಸಿದೆ. ಕೆಲವು ತಿಂಗಳ ಮೇಲೆ ಮಂಜೂರಾದವರ ಪಟ್ಟಿ ಬಂತು. ಅದರಲ್ಲಿ 42 ಹೆಸರು.

ಬಿಟ್ಟುಹೋದದ್ದು ಅಕಾರಾದಿಯಲ್ಲಿ ಕಟ್ಟಕಡೆಯ ಹುಡುಗಿ. ಹಕಾರದ ಹೆಸರಿನವಳು. ಅಪ್ಪ ಪವರ್‌ಲೂಮಿನಲ್ಲಿ ಕೂಲಿಗೆ ನೇಯುವವರು, ಅಮ್ಮ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುವವರು. ಕಚೇರಿಗೆ ಹೋಗಿ ವಿಚಾರಿಸಿದೆ. "ನಿಮ್ಮ ಪಟ್ಟಿಯಲ್ಲೇ 42 ಇದೆ ಮೇಡಂ" ಎಂದರು. ನನ್ನ ಕಣ್ಣೆದುರಿಗೇ ತೆರೆದು ತೋರಿಸಿದರೆ 43 ಹೆಸರು ಇವೆ! ಎಣಿಸಿದ್ದು ಯಂತ್ರ, ಯಂತ್ರ ತಪ್ಪು ಹೇಳುವುದಿಲ್ಲ ಎಂದು ಅವರು, ನನ್ನ ಕಣ್ಣು ತಪ್ಪು ಹೇಳುವುದಿಲ್ಲ ಎಂದು ನಾನು. ಆಮೇಲೆ ತಿಳಿದಂತೆ, ಇಬ್ಬರೂ ಹೇಳಿದ್ದು ನಿಜವೇ.

ಇದೇನು ವಿಚಿತ್ರ ಎಂದು ನೀವು ಕೇಳಬಹುದು. ಇದನ್ನು ಬಿಡಿಸಿ ಹೇಳಲು ನಾನು ಸ್ವಲ್ಪ ಹಿಂದಕ್ಕೆ, ಕಲ್ಲಿನ ಮೇಲೆ ಬರೆಯುತ್ತಿದ್ದ ಕಾಲಕ್ಕೇ ಹೋಗಬೇಕು. ಬರೆದದ್ದು ಎಲ್ಲಿ ಮುಗಿಯಿತು ಎಂದು ತಿಳಿಸುವ ಚಿಂತೆ ಕಂಪ್ಯೂಟರಿನೊಡನೆ ಹುಟ್ಟಿದ್ದಲ್ಲ.

ಹಲ್ಮಿಡಿ ಶಾಸನದ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಗುರುತಿಸಿದ ಈ ಕಲ್ಲನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದೆಂದು ಹೇಳುತ್ತಾರೆ. ಅದರಲ್ಲಿ ಹದಿನಾರು ಸಾಲುಗಳಿವೆ. ಆದರೆ ಮುಂಭಾಗದಲ್ಲಿ ಇರುವುದು ಹದಿನೈದೇ. ಹದಿನಾರನೆಯದನ್ನು ಎಡಬದಿಯಲ್ಲಿ ಕೆತ್ತಿದ್ದಾರೆ. ದಾನವನ್ನು ಕೆಡಿಸಿದವರಿಗೆ ಮಹಾಪಾತಕ ಎಂಬ ಮಾತು ಮುಂದೆಯೇ ಬಂದುಹೋಗಿದೆ. ಗದ್ದೆಯ ತೆರಿಗೆ ಬಿಟ್ಟುಕೊಟ್ಟ ಮಾತು ಬದಿಯ ಆ ಒಂದು ಸಾಲಿನಲ್ಲಿದೆ. ಎದುರಿಗೆ ನಿಂತು ಓದಿ ಹೊರಟುಹೋಗುವವನಿಗೆ ತೆರಿಗೆ ಬಿಟ್ಟ ವಿಷಯ ತಿಳಿಯುವುದೇ ಇಲ್ಲ. ಕೊನೆಯ ಸಾಲು ಕಣ್ಣಿಗೆ ತಪ್ಪುವ ಕಥೆ ಕನ್ನಡದಲ್ಲಿ ಅಷ್ಟು ಹಳೆಯದು.

ನಂತರದ ಶತಮಾನಗಳ ಶಾಸನ ಬರೆಸಿದವರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ದಾನದ ವಿವರ, ಎಲ್ಲೆಕಟ್ಟುಗಳು, ಅಳುಪಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪ ಎಂಬ ಶಾಪ, ಇಷ್ಟಾದ ಮೇಲೆ 'ಮಂಗಳ ಮಹಾ ಶ್ರೀ' ಎಂದು ಕೆತ್ತಿ ನಿಲ್ಲಿಸುತ್ತಿದ್ದರು. ವಿಜಯನಗರದ ಅರಸರ ಶಾಸನಗಳಾದರೆ ಕೊನೆಯಲ್ಲಿ ಶ್ರೀ ವಿರೂಪಾಕ್ಷ ಎಂಬ ಒಪ್ಪ. ಇದನ್ನು ನಾವು ಭಕ್ತಿಯ ಮಾತೆಂದು ಓದಿ ಮುಂದೆ ಹೋಗುತ್ತೇವೆ. ಭಕ್ತಿಯೂ ಹೌದು, ಆದರೆ ಅದಕ್ಕೆ ಇನ್ನೊಂದು ಕೆಲಸವೂ ಇದೆ. ಬಿ. ಎಲ್. ರೈಸ್ ಅವರು ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟ 1905ರಲ್ಲಿ ಅಚ್ಚಾಯಿತು. ಅದು ಬೆಂಗಳೂರು ಜಿಲ್ಲೆಯದು. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಶಾಸನಗಳೆಲ್ಲ ಅದರಲ್ಲಿವೆ. ಇಂಥ ಸಂಪುಟಗಳನ್ನು ತಿರುವಿಹಾಕಿದರೆ ಎರಡು ಬಗೆಯ ಕಲ್ಲುಗಳು ಕಾಣುತ್ತವೆ. ಕೆಲವು ಮಂಗಳ ಹೇಳಿ ಮುಗಿದವು. ಕೆಲವು ಕೆಳಭಾಗ ಒಡೆದೋ ಸವೆದೋ ನಡುಮಾತಿನಲ್ಲೇ ನಿಂತವು. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಬಟ್ಟೆ ಒಗೆಯುವ ಕಡೆ ಬಿದ್ದ ಕಲ್ಲುಗಳಿಗೆ ಇನ್ನೇನಾಗಬೇಕು? ಮಂಗಳದ ಮಾತು ಇದ್ದರೆ ಓದುವವರಿಗೆ ಧೈರ್ಯ: ಇಲ್ಲಿಗೆ ಇಷ್ಟೇ, ಏನೂ ಕಳೆದಿಲ್ಲ. ಇಲ್ಲದಿದ್ದರೆ ಸಂದೇಹ: ಬರೆದವನೇ ನಿಲ್ಲಿಸಿದನೋ, ಕಲ್ಲೇ ಮುರಿಯಿತೋ?

ಓಲೆಗರಿಯವರದೂ ಇದೇ ರೀತಿ. ಗರಿ ದುಬಾರಿಯಲ್ಲದಿದ್ದರೂ ಅದನ್ನು ಹದಮಾಡುವ ಶ್ರಮ ದೊಡ್ಡದು. ಆದ್ದರಿಂದ ಪದ್ಯಕ್ಕೊಂದು ಸಾಲು ಎಂಬ ದುಂದುಗಾರಿಕೆ ಇರಲಿಲ್ಲ. ಪದ್ಯದ ಬಾಲಕ್ಕೇ ಇನ್ನೊಂದು ಪದ್ಯದ ತಲೆ ಅಂಟಿಸಿ ಉದ್ದಕ್ಕೆ ಕೊರೆಯುತ್ತಿದ್ದರು. ಎಲ್ಲಿ ಮುಗಿಯಿತು ಎಂದು ತಿಳಿಸಲು ಎರಡು ಉದ್ದಗೆರೆ. ಗ್ರಂಥ ಮುಗಿದಾಗ ಮತ್ತೆ ಮಂಗಳ, ಅದರ ಜೊತೆ ತಪ್ಪಿದ್ದರೆ ತಿದ್ದಿಕೊಳ್ಳಿ ಎಂಬ ಲಿಪಿಕಾರನ ಬೇಡಿಕೆ. ಕಾಗದ ಬರುವುದಕ್ಕೆ ಮುಂಚೆ ಶಾನುಭೋಗರು ಲೆಕ್ಕ ಬರೆಯುತ್ತಿದ್ದ ಕಡತವನ್ನು ನೀವು ವಸ್ತುಸಂಗ್ರಹಾಲಯದಲ್ಲಿ ನೋಡಿರಬಹುದು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಬೀಸಣಿಗೆಯಂತೆ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಕಪ್ಪು ಬಟ್ಟೆಯ ಮೇಲೆ ಬಿಳಿ ಅಕ್ಷರ. ಒರೆಸಿ ಮತ್ತೆ ಬರೆಯಬಹುದು. ಎಂದರೆ ಯಾರು ಬೇಕಾದರೂ ಕೊನೆಯಲ್ಲಿ ಒಂದು ಸಾಲು ಸೇರಿಸಲೂಬಹುದು! ಲೆಕ್ಕಪತ್ರದಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದು 'ಮಾತ್ರ' ಎಂದು ಮುಗಿಸಿ, ಮಿಕ್ಕ ಜಾಗಕ್ಕೆ ಗೀಟು ಎಳೆಯುವ ನಮ್ಮ ಪದ್ಧತಿ ಇಂಥ ಕೈಗಳಿಗೆ ಹಾಕಿದ ಅಗಳಿ. ಕಾಗದ ಬರೆಯುವಾಗ ನಮ್ಮ ತಂದೆ 'ಇಂತಿ' ಎಂದು ಬರೆಯದೆ ಸಹಿ ಹಾಕುತ್ತಿರಲಿಲ್ಲ. ಆ ಎರಡಕ್ಷರ ಕಂಡರೆ ಸಾಕು, ಹಾಳೆ ತಿರುಗಿಸಿ ನೋಡುವ ಕೆಲಸವಿಲ್ಲ.

ಇನ್ನು ಯಂತ್ರದ ಕಾಲಕ್ಕೆ ಬರೋಣ. ನಮ್ಮ ಕಾಲದ ಹುಡುಗಿಯರು ಎಸ್.ಎಸ್.ಎಲ್.ಸಿ. ಮುಗಿಸಿದ ರಜೆಯಲ್ಲಿ ಟೈಪಿಂಗ್ ಕ್ಲಾಸಿಗೆ ಸೇರುವುದು ಸಂಡಿಗೆ ಇಡಲು ಕಲಿತಷ್ಟೇ ಸಹಜವಾಗಿತ್ತು. ಈ ಪುಸ್ತಕ ಓದುತ್ತಿರುವವರಲ್ಲಿ ಎಷ್ಟು ಜನರ ಬೆರಳಿಗೆ ಆ ಕೀಲಿಗಳ ನೆನಪು ಇನ್ನೂ ಇದೆಯೋ! ಸಾಲು ಮುಗಿಯುತ್ತಾ ಬಂದಾಗ 'ಟಿಣ್' ಎಂದು ಗಂಟೆ. ಎಡಗೈಯಿಂದ ಸನ್ನೆಕೋಲನ್ನು ತಳ್ಳಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತಿತ್ತು: ಕಾಗದ ಒಂದು ಸಾಲು ಮೇಲೇರುವುದು, ಗಾಡಿ ಮೊದಲ ಜಾಗಕ್ಕೆ ಮರಳುವುದು. ಪುಟದ ಕೊನೆಯ ಸಾಲಾದ ಮೇಲೂ ನಾವು ಅದನ್ನು ತಳ್ಳಿಯೇ ಕಾಗದ ತೆಗೆಯುತ್ತಿದ್ದೆವು. ಹಾಗೆ ಮಾಡದೆ ಎದ್ದರೆ ನಮ್ಮ ಟೀಚರು "ಮುಂದೆ ಕೂರುವವಳು ಏನು ಮಾಡಬೇಕು?" ಎಂದು ಗದರುತ್ತಿದ್ದರು.

ತಂತಿಯಲ್ಲಿ ಸುದ್ದಿ ಕಳಿಸುವ ಟೆಲಿಪ್ರಿಂಟರಿಗೆ ಸನ್ನೆಕೋಲು ತಳ್ಳುವ ಕೈ ಇಲ್ಲವಲ್ಲ. ಆ ಎರಡು ಕೆಲಸಗಳಿಗೂ ತಂತಿಯಲ್ಲೇ ಅಪ್ಪಣೆ ಹೋಗಬೇಕು. 1901ರಲ್ಲಿ ಡೊನಾಲ್ಡ್ ಮರ್ರೆ ಎಂಬಾತ ತನ್ನ ಸಂಕೇತಪದ್ಧತಿಯಲ್ಲಿ ಅವಕ್ಕೆ ಬೇರೆಬೇರೆ ಸಂಕೇತ ಕೊಟ್ಟ: ಗಾಡಿಯನ್ನು ಮರಳಿಸು ಎಂಬುದು ಒಂದು, ಸಾಲನ್ನು ಏರಿಸು ಎಂಬುದು ಇನ್ನೊಂದು. 1963ರಲ್ಲಿ ಅಮೆರಿಕದಲ್ಲಿ ಕಂಪ್ಯೂಟರಿಗೂ ತಂತಿಗೂ ಸೇರಿಸಿ ಆಸ್ಕಿ ಎಂಬ ಸಂಕೇತಪಟ್ಟಿ ಮಾಡಿದಾಗ ಮೊದಲನೆಯದಕ್ಕೆ 13, ಎರಡನೆಯದಕ್ಕೆ 10 ಎಂಬ ಅಂಕಿ ಸಿಕ್ಕಿತು. ಆಗಿನ ಟೆಲಿಟೈಪ್ ಯಂತ್ರ ಸೆಕೆಂಡಿಗೆ ಹತ್ತು ಅಕ್ಷರ ಹೊಡೆಯುತ್ತಿತ್ತು. ಸಾಲಿನ ತುದಿಯಿಂದ ಮೊದಲಿಗೆ ಮರಳಲು ಒಂದು ಅಕ್ಷರದ ಸಮಯ ಸಾಲದು. ಆದ್ದರಿಂದ ಮೊದಲು ಮರಳು ಎನ್ನುವುದು, ಅದು ಮರಳುತ್ತಿರುವಾಗಲೇ ಏರು ಎನ್ನುವುದು. ಒಲೆಯ ಮೇಲೆ ಅನ್ನ ಬೇಯುವಾಗಲೇ ಸಾರಿಗೆ ಹುಣಿಸೆ ನೆನೆಹಾಕುವ ನಮ್ಮ ಲೆಕ್ಕಾಚಾರವೇ.

ಕಂಪ್ಯೂಟರಿನ ಕಡತದಲ್ಲಿ ಕಾಗದವಿಲ್ಲ, ಗಾಡಿಯಿಲ್ಲ. ಅಕ್ಷರಗಳೆಲ್ಲ ಓಲೆಗರಿಯಂತೆ ಒಂದೇ ಉದ್ದಸಾಲಾಗಿ ಕುಳಿತಿರುತ್ತವೆ. ನಾವು ಎಂಟರ್ ಕೀಲಿ ಒತ್ತಿದ ಕಡೆ ಕಣ್ಣಿಗೆ ಕಾಣದ ಆ ಸಂಕೇತ ಸೇರುತ್ತದೆ. ತೆರೆಯ ಮೇಲೆ ತೋರಿಸುವಾಗ ಯಂತ್ರ ಅದನ್ನು ಕಂಡು ಹೊಸ ಸಾಲು ಹಿಡಿಯುತ್ತದೆ. ಈ ಗುರುತಿನ ವಿಷಯದಲ್ಲಿ ಮೂರು ಮನೆಗೆ ಮೂರು ಆಚಾರ ಬೆಳೆದವು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಮೊದಲಾದ ಯುನಿಕ್ಸ್, ಏರಿಸುವ ಸಂಕೇತ ಒಂದೇ ಸಾಕೆಂದಿತು. 1981ರ ಎಂ.ಎಸ್. ಡಾಸ್, ಎರಡೂ ಇರಲೆಂದಿತು. 1984ರ ಮ್ಯಾಕಿಂಟೋಷ್, ಮರಳಿಸುವುದು ಮಾತ್ರ ಸಾಕೆಂದಿತು. 2001ರಲ್ಲಿ ಅದು ಯುನಿಕ್ಸಿನ ದಾರಿಗೆ ಬಂತು. ಒಂದು ಮನೆಯ ಕಡತವನ್ನು ಇನ್ನೊಂದು ಮನೆಯಲ್ಲಿ ತೆರೆದರೆ ಸಾಲುಗಳೆಲ್ಲ ಅಂಟಿಕೊಂಡು ಕಾಣುತ್ತಿದ್ದುದು ಇದರಿಂದ. ವಿಂಡೋಸ್‌ನ ನೋಟ್‌ಪ್ಯಾಡ್ ಯುನಿಕ್ಸಿನ ಸಾಲುಗಳನ್ನು ಸರಿಯಾಗಿ ತೋರಿಸಲು ಕಲಿತದ್ದು 2018ರಲ್ಲಿ. ಕನ್ನಡಕ್ಕೆ 1991ರಲ್ಲಿ ಯೂನಿಕೋಡ್‌ನಲ್ಲಿ ಸ್ಥಾನ ಸಿಕ್ಕಿತು, 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು, ಕೆ. ಪಿ. ರಾವ್ ಅವರ ಕೀಲಿಮಣೆಯನ್ನು ಆಧರಿಸಿದ ನುಡಿಯನ್ನು ಕನ್ನಡ ಗಣಕ ಪರಿಷತ್ತು ತಂದಿತು. ಅಕ್ಷರವೆಲ್ಲ ನಮ್ಮದಾಯಿತು. ಸಾಲಿನ ಕೊನೆಗೆ ಮಾತ್ರ ಇವತ್ತಿಗೂ ಆ ಹಳೆಯ ಟೆಲಿಪ್ರಿಂಟರಿನ ಗುರುತೇ.

ನನ್ನ ಹುಡುಗಿಯ ಹೆಸರು ಹೋದದ್ದು ಈ ಮೂರು ಆಚಾರಗಳ ಜಗಳದಲ್ಲಿ ಅಲ್ಲ, ಅದಕ್ಕಿಂತ ಸಣ್ಣದಾದ ಇನ್ನೊಂದು ಜಗಳದಲ್ಲಿ. ಆ ಗುರುತು ಎರಡು ಸಾಲುಗಳ ನಡುವಿನ ಬೇಲಿಯೋ, ಅಥವಾ ಪ್ರತಿ ಸಾಲಿಗೂ ಸೇರಿದ ಮುಕ್ತಾಯವೋ? ಬೇಲಿ ಎಂದುಕೊಂಡರೆ ಕೊನೆಯ ಸಾಲಿನ ನಂತರ ಅದು ಬೇಕಿಲ್ಲ, ಆಚೆಗೆ ಯಾರೂ ಇಲ್ಲವಲ್ಲ. ಮುಕ್ತಾಯ ಎಂದುಕೊಂಡರೆ ಕೊನೆಯ ಸಾಲಿಗೂ ಬೇಕು. ಯುನಿಕ್ಸ್ ಸಂಪ್ರದಾಯ ಎರಡನೆಯ ಪಕ್ಷ. 1988ರಲ್ಲಿ ಮೊದಲು ಬಂದ ಪೋಸಿಕ್ಸ್ ಎಂಬ ಮಾನಕದ ಮಾತಿನಲ್ಲಿ ಸಾಲು ಎಂದರೆ ಅಕ್ಷರಗಳು ಮತ್ತು ಅವುಗಳ ಕೊನೆಯ ಗುರುತು, ಎರಡೂ ಸೇರಿದ್ದು. ಗುರುತಿಲ್ಲದ್ದು ಪೂರ್ತಿ ಸಾಲೇ ಅಲ್ಲ. ಆ ವ್ಯವಸ್ಥೆಯಲ್ಲಿ ಸಾಲು ಎಣಿಸುವ ಸಾಧನ ಎಣಿಸುವುದು ಗುರುತುಗಳನ್ನು, ಬರಹವನ್ನಲ್ಲ. ಹಾಗಾಗಿ ಕೊನೆಯಲ್ಲಿ ಗುರುತಿಲ್ಲದಿದ್ದರೆ ಲೆಕ್ಕದಲ್ಲಿ ಒಂದು ಕಡಿಮೆ.

ಬಲ್ಲವರು ಇದಕ್ಕೆ ಉಪಾಯ ಮಾಡಿಕೊಂಡಿದ್ದಾರೆ. 1976ರಲ್ಲಿ ಬಿಲ್ ಜಾಯ್ ಬರೆದ ವಿ.ಐ. ಎಂಬ ಬರವಣಿಗೆಯ ತಂತ್ರಾಂಶ, ಕಡತ ಉಳಿಸುವಾಗ ಕೊನೆಯ ಗುರುತು ಇಲ್ಲದಿದ್ದರೆ ತಾನೇ ಹಾಕುತ್ತದೆ. ಅದೇ ಜಾತಿಯ ವಿಮ್ ಎಂಬುದನ್ನು 1991ರಲ್ಲಿ ಹೊರತಂದವರು ನೆದರ್ಲೆಂಡ್ಸ್‌ನ ಬ್ರಾಮ್ ಮೂಲೆನಾರ್. ಅದು ಕೊನೆಯ ಗುರುತಿಲ್ಲದ ಕಡತ ತೆರೆದರೆ ಕೆಳಗೆ ಒಂದು ಸಣ್ಣ ಎಚ್ಚರಿಕೆ ತೋರಿಸುತ್ತದೆ. ಇದ್ದಂತೆಯೇ ಇರಲಿ ಎಂದರೆ ಹಾಗೇ ಬಿಡುವ ಏರ್ಪಾಡೂ ಇದೆ. ಮೂಲೆನಾರ್ 2023ರಲ್ಲಿ ತೀರಿಕೊಂಡರು. ತಮ್ಮ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟು, ಬಳಸುವವರು ಉಗಾಂಡಾ ದೇಶದ ಬಡಮಕ್ಕಳಿಗೆ ಕೈಲಾದ ನೆರವು ಕೊಡಿ ಎಂದಷ್ಟೇ ಕೇಳಿಕೊಂಡವರು ಅವರು. ಎಲ್ಲರೂ ಬಿಟ್ಟುಬಿಡುವ ಕೊನೆಯ ಸಾಲನ್ನು ಗಮನಿಸಿದವರು, ಎಲ್ಲರೂ ಬಿಟ್ಟುಬಿಡುವ ಮಕ್ಕಳನ್ನೂ ಗಮನಿಸಿದರಲ್ಲ ಎಂದು ನನಗೆ ಅವರ ಮೇಲೆ ಗೌರವ.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ನಮ್ಮ ಶಾಲೆಗೆ ಕಂಪ್ಯೂಟರ್ ಕಲಿಸಲು ಬರುತ್ತಿದ್ದ ಹುಡುಗ. ನನ್ನ ಕಡತವನ್ನು ತೆರೆದು, ಬಾಣದ ಗುರುತನ್ನು ಕಟ್ಟಕಡೆಗೆ ಒಯ್ದು, "ಇಲ್ಲಿ ನೋಡಿ ಮಿಸ್, ಕೊನೆ ಹೆಸರಾದ ಮೇಲೆ ನೀವು ಎಂಟರ್ ಒತ್ತಿಲ್ಲ" ಎಂದ. 43 ಹೆಸರಿಗೆ 42 ಗುರುತು. ಆ ಕಚೇರಿಗೆ ಯಾರೋ ಮಾಡಿಕೊಟ್ಟ ತಂತ್ರಾಂಶ ಗುರುತು ಕಂಡಾಗ ಒಂದು ಹೆಸರು ಎತ್ತಿಕೊಳ್ಳುತ್ತಿತ್ತು. ಕೊನೆಯದಕ್ಕೆ ಗುರುತು ಸಿಗದೆ ಅದನ್ನು ಹಾಗೇ ಬಿಟ್ಟು ಬಾಗಿಲು ಹಾಕಿಕೊಂಡಿತ್ತು.

ಆಗ ನನಗೆ ಥಟ್ಟನೆ ನೆನಪಾಯಿತು. ನಾನು ಎಂಟರ್ ಒತ್ತಿದ್ದೆ! ಒತ್ತಿದ ಮೇಲೆ ಕೆಳಗೆ ಒಂದು ಖಾಲಿ ಸಾಲು ಕಾಣಿಸಿತು. ಒಪ್ಪವಾಗಿಲ್ಲ, ನೋಡಿದವರು ಏನೆಂದುಕೊಂಡಾರು ಎಂದು ನಾನೇ ಅದನ್ನು ಅಳಿಸಿದ್ದೆ. ರಂಗೋಲಿ ಮುಗಿಸಿದ ಮೇಲೆ ಸುತ್ತ ಚೆಲ್ಲಿದ ಪುಡಿ ಒರೆಸುವ ಅಭ್ಯಾಸ. ಹೆಡ್‌ಮಿಸ್ ಕಲಿಸಿದ ಗೀಟನ್ನು ಕಾಗದದ ಮೇಲೆ ಇಪ್ಪತ್ತು ವರ್ಷ ತಪ್ಪದೆ ಎಳೆದವಳು, ತೆರೆಯ ಮೇಲೆ ಅದೇ ಗೀಟನ್ನು ಕಸವೆಂದು ಗುಡಿಸಿ ಹಾಕಿದ್ದೆ. ಅಷ್ಟು ಸಣ್ಣ ವಿಷಯಕ್ಕೆ ಮಗುವಿನ ಹೆಸರು ಬಿಡುವ ತಂತ್ರಾಂಶದ್ದು ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನನ್ನ ಕೈಯೂ ಅದರಲ್ಲಿತ್ತು.

ತಿದ್ದಿದ ಪಟ್ಟಿ ಕಳಿಸಿದೆ. ಅವಧಿ ಮುಗಿದಿತ್ತು. ಮುಂದಿನ ವರ್ಷ ಅವಳಿಗೆ ವೇತನ ಬಂತು. ಆ ವರ್ಷದ್ದು ಬರಲೇ ಇಲ್ಲ.

ಹೇಳಿ ಬರಬೇಕೆಂದು ಒಂದು ಸಂಜೆ ಅವರ ಮನೆಗೆ ಹೋದೆ. ಬೀದಿಯ ಉದ್ದಕ್ಕೂ ಮಗ್ಗಗಳ ಸದ್ದು. ಅವಳ ಅಮ್ಮ ಬಾಗಿಲ ಬೆಳಕಿಗೆ ಕುಳಿತು, ರೇಷ್ಮೆ ಸೀರೆಯ ಸೆರಗಿನ ಎಳೆಗಳನ್ನು ಹೊಸೆದು ಕುಚ್ಚು ಕಟ್ಟುತ್ತಿದ್ದರು. ಚಾಪೆ ಹಾಸಿ, ನೀರು ಕೊಟ್ಟರು. ನಾನು ಸಂಕೇತ, ಗುರುತು ಎಂದೆಲ್ಲ ತಡವರಿಸುತ್ತಾ ಹೇಳುತ್ತಿದ್ದರೆ ಆಕೆ ಕೈ ನಿಲ್ಲಿಸದೆ ಕೇಳಿಸಿಕೊಂಡರು. ಆಮೇಲೆ, "ಅಷ್ಟೇನಾ ಮಿಸ್? ಮಗ್ಗದಲ್ಲಿ ಒಂದು ಹಾಸಿಗೆ ಮೂರು ನಾಕು ಸೀರೆ ಬರ್ತಾವೆ. ಒಂದೊಂದು ಸೀರೆ ಆದಾಗ್ಲೂ ಸೆರಗಿಗೆ ನೇಯ್ದೆ ಎಳೆ ಬಿಡ್ತಾರೆ. ಕೊನೇ ಸೀರೆ ಆದ್ಮೇಲೆ ಮುಂದೆ ಸೀರೆ ಇಲ್ಲ ಅಂತ ಒತ್ತಿ ಕತ್ತರಿಸಿಬಿಟ್ರೆ ನಾನು ಕುಚ್ಚು ಎಲ್ಲಿ ಕಟ್ಲಿ? ಸೀರೆ ಬಿಚ್ಕೊಂಡು ಹೋಗತ್ತೆ" ಎಂದರು. ಬೇಲಿಯೋ ಮುಕ್ತಾಯವೋ ಎಂದು ದೊಡ್ಡ ದೊಡ್ಡವರು ವಾದ ಮಾಡಿದ್ದನ್ನು ಆಕೆ ಎಳೆ ಹೊಸೆಯುತ್ತಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಆ ವರ್ಷದ ಹಣವನ್ನು ನಾನು ಕೊಡುತ್ತೇನೆಂದೆ. "ಬೇಡಿ ಮಿಸ್" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕ್ಲಾಸಿನಲ್ಲಿ ಒಂದು ಮಾತು ಹೇಳ್ತೀರಾ? ಇವಳದ್ದು ಏನೋ ಸರಿಯಿಲ್ಲ, ಅದಕ್ಕೇ ತೆಗೆದುಹಾಕವ್ರೆ ಅಂತ ಮಕ್ಕಳು ಅಂತಾರಂತೆ. ರಾತ್ರಿ ಊಟ ಬಿಟ್ಟು ಮಲಗ್ತಾಳೆ" ಎಂದರು. ಒಳಗೆ ಬಾಗಿಲ ಹಿಂದೆ ಅವಳು ನಿಂತಿದ್ದು ನನಗೆ ಗೊತ್ತಾಯಿತು. ಹೊರಗೆ ಬರಲಿಲ್ಲ.

ಮಾರನೆಯ ದಿನ ಮೊದಲ ಪೀರಿಯಡ್ಡಿನಲ್ಲಿ ಪಾಠ ತೆಗೆಯಲಿಲ್ಲ. ಕರಿಹಲಗೆಯ ಮೇಲೆ ಕೊನೆಯ ನಾಲ್ಕು ಹೆಸರು ಬರೆದು, ಮೂರರ ಮುಂದೆ ಬಣ್ಣದ ಚಾಕಿನಲ್ಲಿ ಗುರುತು ಹಾಕಿ, ಯಂತ್ರ ಹೇಗೆ ಎಣಿಸುತ್ತದೆಂದು ತೋರಿಸಿದೆ. ನಾಲ್ಕನೆಯದರ ಮುಂದಿನ ಗುರುತನ್ನು ಅಳಿಸಿದವಳು ನಾನೇ, ಅವಳದೇನೂ ತಪ್ಪಿಲ್ಲ ಎಂದೂ ಹೇಳಿದೆ. ಮಕ್ಕಳು ಒಮ್ಮೆ ಹಲಗೆ ನೋಡಿದರು, ಒಮ್ಮೆ ಅವಳನ್ನು ನೋಡಿದರು. ಯಾರೋ ಒಬ್ಬಳು ಎದ್ದು ಬಂದು, ನನ್ನ ಕೈಯಿಂದ ಚಾಕು ತೆಗೆದುಕೊಂಡು, ನಾಲ್ಕನೆಯ ಹೆಸರಿನ ಮುಂದೆ ಗುರುತು ಹಾಕಿ ಹೋಗಿ ಕುಳಿತಳು.

ಆಮೇಲೆ ಹಾಜರಿ ಪುಸ್ತಕ ತೆಗೆದೆ. ಅವತ್ತು ಮಾತ್ರ ಕೆಂಪು ಗೀಟಿನ ಮೇಲಿನ ಹೆಸರಿನಿಂದ ಶುರುಮಾಡಿ, ಕೆಳಗಿನಿಂದ ಮೇಲಕ್ಕೆ ಕರೆದೆ. ಮೊದಲ ಹೆಸರಿಗೇ "ಎಸ್ ಮಿಸ್" ಎಂಬ ದನಿ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ ಬಂತು.